ನೋಡಿಕೊಳ್ಳುವವರು ಯಾರು?



ದತ್ತಿ ಇಡುವವರದು ದೊಡ್ಡ ಮನಸ್ಸು ಎಂದು ಇಂಥ ದತ್ತಿ ಉಪನ್ಯಾಸದ ಸಭೆಗಳಲ್ಲಿ ಹೇಳುವುದು ವಾಡಿಕೆ. ಅದು ದೂರ ನೋಡುವ ಮನಸ್ಸೂ ಹೌದು ಎಂದು ನಾನು ಸೇರಿಸುತ್ತೇನೆ. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ವರ್ಷವರ್ಷವೂ ಕೆಲಸ ನಡೆಯಲಿ ಎಂದು ಬರೆದಿಡುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ: ಶುರುಮಾಡುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ನಮ್ಮ ಕೋಲಾರದ ಸೀಮೆಯಲ್ಲಿ ಈ ತಿಳಿವಳಿಕೆ ಹಳೆಯದು. ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಆಳಿಹೋದ ಈ ನೆಲದ ಕಲ್ಲುಶಾಸನಗಳಲ್ಲಿ ಕೆರೆಗೆ ಬಿಟ್ಟ ದತ್ತಿಗಳು ಮತ್ತೆ ಮತ್ತೆ ಸಿಗುತ್ತವೆ. ಬಿಟ್ಟುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂದು ಹೆಸರು ಬೇರೆ ಬೇರೆ. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಮಾಡಿಸಿದವನಿಗೆ ಆ ಕೆರೆಯ ಕೆಳಗಿನ ಗದ್ದೆಯಲ್ಲೇ ಒಂದು ಪಾಲು. ಕನ್ನಡನಾಡಿನ ಹಲವು ಕಡೆ ಹೂಳು ಸಾಗಿಸುವ ಬಂಡಿಯ ಖರ್ಚಿಗೆಂದೇ ಭೂಮಿ ಬಿಟ್ಟಿದ್ದಾರೆ. ಹೂಳಿನ ಬಂಡಿಗೆ ದತ್ತಿ ಬಿಟ್ಟವನು ಎಂಥ ವಿವೇಕಿ ಇರಬೇಕು! ಕೆರೆ ತುಂಬಿದ ಸಂಭ್ರಮದ ದಿನವೇ ಅದು ಹೂತುಹೋಗುವ ದಿನವನ್ನೂ ಅವನು ಯೋಚಿಸಿದ್ದಾನೆ.

ಸಂಘಟಕರು ನನಗೆ ಕೊಟ್ಟ ವಿಷಯ ‘ದಿನನಿತ್ಯದ ಹೊಣೆಗಾರಿಕೆ, ಆತ್ಮಸುಧಾರಣೆ ಮತ್ತು ಭೂಮಿಯ ಕಾಳಜಿ’. ಮೂರೂ ದೊಡ್ಡ ಮಾತುಗಳೇ. ಇವುಗಳ ಮೇಲೆ ಕರಗುವ ಹಿಮನದಿಯಿಂದ ಅಮೆಜಾನ್ ಕಾಡಿನವರೆಗೆ ಮಾತಾಡಬಹುದು. ಆದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಕಣ್ಣೆದುರು ಇರುವುದರಿಂದ ಪಾಠ ಶುರುಮಾಡುವುದು ನನ್ನ ಅಭ್ಯಾಸ. ಹಾಗಾಗಿ ಮೂರನ್ನೂ ಒಂದೇ ಪ್ರಶ್ನೆಗೆ ತಂದು ನಿಲ್ಲಿಸುತ್ತೇನೆ: ನೋಡಿಕೊಳ್ಳುವವರು ಯಾರು? ಕೆರೆಯನ್ನು, ನೆಟ್ಟ ಗಿಡವನ್ನು, ಮನೆಯ ಕಸವನ್ನು, ಬಚ್ಚಲಿನಿಂದ ಹೊರಟ ನೀರನ್ನು ಕೊನೆತನಕ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ನಮ್ಮ ಸಮಾಜ ನೂರಾರು ವರ್ಷ ಕೊಟ್ಟ ಉತ್ತರ ಅನ್ಯಾಯದ್ದಾಗಿತ್ತು. ಆ ಉತ್ತರವನ್ನು ಕಾನೂನಿನಲ್ಲಾದರೂ ಕೈಬಿಟ್ಟೆವು, ಒಳ್ಳೆಯದಾಯಿತು. ಆದರೆ ಅದರ ಜಾಗದಲ್ಲಿ ಹೊಸ ಉತ್ತರವನ್ನು ಇನ್ನೂ ಕೊಟ್ಟಿಲ್ಲ.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ನಿಮಗೆಲ್ಲ ಪಾಠವಾಗಿಯೇ ಬಂದಿರುತ್ತದೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಆಹುತಿ ಕೊಡುತ್ತಾರೆ. ಓದಿದವರ ಎದೆ ಈಗಲೂ ಬಿಗಿಯುತ್ತದೆ. ಕಟ್ಟಿಸಿದ ಗೌಡನ ಹೆಸರು ಹಾಡಿನಲ್ಲಿ ಉಳಿಯಿತು, ಬಲಿಯಾದ ಹೆಣ್ಣಿನ ಹೆಸರೂ ಉಳಿಯಿತು. ಆಮೇಲೆ ಆ ಕೆರೆಯ ತೂಬನ್ನು ದಿನಾ ತೆಗೆದು ಮುಚ್ಚಿದವನೊಬ್ಬ ಇದ್ದಿರಲೇಬೇಕಲ್ಲ, ಅವನ ಹೆಸರು ಏನು? ಯಾವ ಹಾಡಿನಲ್ಲೂ ಇಲ್ಲ. ಕಟ್ಟುವುದನ್ನು, ತ್ಯಾಗ ಮಾಡುವುದನ್ನು ನಾವು ಹಾಡುತ್ತೇವೆ. ದಿನದಿನದ ಆರೈಕೆಯನ್ನು ಯಾರೂ ಹಾಡುವುದಿಲ್ಲ. ನಮ್ಮ ಪರಿಸರದ ಮಾತುಗಳಲ್ಲಿ ಈ ಹಳೆಯ ಪಕ್ಷಪಾತ ಹಾಗೇ ಇದೆ ಎಂಬುದು ನನ್ನ ಅಭಿಪ್ರಾಯ.

ಆ ಹೆಸರಿಲ್ಲದವನನ್ನು ನಮ್ಮ ಕಡೆ ನೀರುಗಂಟಿ ಎನ್ನುತ್ತಾರೆ. ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರಾದರೂ ನೀರುಗಂಟಿ ಕೆಲಸ ಮಾಡುವುದನ್ನು ಕಣ್ಣಾರೆ ಕಂಡಿರುತ್ತೀರಿ. ಮಕ್ಕಳಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ಕೆರೆಯ ಏರಿಯ ಮೇಲೆ ನಿಂತು ಒಳಗೆ ನೋಡಿದರೆ ನೀರಿನಲ್ಲಿ ಎರಡು ಕಲ್ಲುಕಂಬಗಳು ನಿಂತಿರುತ್ತವೆ. ಎರಡಕ್ಕೂ ಸೇರಿಸಿ ಅಡ್ಡಗಲ್ಲುಗಳು, ಅಡ್ಡಗಲ್ಲಿನ ನಡುವೆ ತೂತು. ಆ ತೂತಿನಲ್ಲಿ ಒಂದು ಉದ್ದನೆಯ ಗಳ ಇಳಿಬಿಟ್ಟಿರುತ್ತದೆ, ಗಳದ ಬುಡದಲ್ಲಿ ತೂಬಿನ ಕಂಡಿಗೆ ಬಿಗಿಯಾಗಿ ಕೂರುವ ಮರದ ಗೂಟ. ಗಳವನ್ನು ಮೇಲೆತ್ತಿದರೆ ನೀರು ಏರಿಯ ಕೆಳಗಿನ ಕಾಲುವೆಗೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾರ ಗದ್ದೆಗೆ ಯಾವ ಜಾವದಲ್ಲಿ ನೀರು ತಿರುಗಿಸಬೇಕು ಎಂಬುದೆಲ್ಲ ನೀರುಗಂಟಿಯ ಲೆಕ್ಕ. ಗೂಟದ ಬುಡದಲ್ಲಿ ಕೆಸರು ಸೇರಿ ಕಂಡಿ ಕಟ್ಟಿಕೊಂಡರೆ ತುಂಬಿದ ಕೆರೆಯೊಳಗೆ ಮುಳುಗಿ ಕೈಯಿಂದಲೇ ಅದನ್ನು ಬಿಡಿಸಬೇಕು. ಮಳೆಗಾಲದ ರಾತ್ರಿ ಊರೆಲ್ಲ ಮಲಗಿದಾಗ ಅವನು ಏರಿಯ ಮೇಲೆ ನಡೆಯುತ್ತ, ಎಲ್ಲಾದರೂ ನೀರು ಜಿನುಗುತ್ತಿದೆಯೇ, ಏಡಿ ಇಲಿ ಬಿಲ ತೋಡಿವೆಯೇ, ಕೋಡಿಯಲ್ಲಿ ಕಸಕಡ್ಡಿ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಅವನ ಕಣ್ತಪ್ಪಿದರೆ ಏರಿ ಒಡೆಯುತ್ತದೆ, ಬೆಳೆ ಕೊಚ್ಚಿಹೋಗುತ್ತದೆ.

ಕೆರೆ ಅರ್ಧವೇ ತುಂಬಿದ ವರ್ಷಗಳಿಗೆ ದಾಮಾಷಾ ಎಂಬ ಪದ್ಧತಿ ಇತ್ತು. ಇರುವ ನೀರಿಗೆ ಎಷ್ಟು ನೆಲ ಬೆಳೆಯುತ್ತದೆ ಎಂದು ಊರವರು ಕೂತು ಅಂದಾಜು ಮಾಡುತ್ತಿದ್ದರು. ತೂಬಿಗೆ ಹತ್ತಿರದ ಅಷ್ಟು ಜಮೀನನ್ನು ಮಾತ್ರ ಬಿತ್ತಿ, ಅದನ್ನೇ ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರೂ ತಮ್ಮ ತಮ್ಮ ಪಾಲಿನ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಿದ್ದರು. ಯಾರ ಹೊಲ ಎಲ್ಲಿದೆ ಎಂಬುದಕ್ಕಿಂತ ಎಲ್ಲರ ಒಲೆ ಉರಿಯಬೇಕು ಎಂಬುದು ಮುಖ್ಯವಾಗಿತ್ತು. ನೀರು ಕಡಿಮೆಯಾದಾಗ ಹಂಚಿ ತಿನ್ನುವ ಇಷ್ಟು ಸ್ಪಷ್ಟವಾದ ಏರ್ಪಾಟು, ಇಷ್ಟೆಲ್ಲ ತಂತ್ರಜ್ಞಾನ ಇರುವ ಇವತ್ತಿನ ಯಾವ ಬಡಾವಣೆಯಲ್ಲೂ ನನಗೆ ಕಂಡಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಹಳ್ಳಿಯ ಸುವರ್ಣಯುಗದ ಕಥೆ ಹೇಳಿದ ಹಾಗಾಗುತ್ತದೆ, ಅದು ಸತ್ಯಕ್ಕೆ ಮೋಸ. ನೀರುಗಂಟಿ ಹೆಚ್ಚಾಗಿ ದಲಿತ ಕುಟುಂಬದವನು. ಕೆಲಸ ಅಪ್ಪನಿಂದ ಮಗನಿಗೆ, ಬೇಡ ಎನ್ನುವ ಹಾಗಿಲ್ಲ. ಕೂಲಿ ಎಂದರೆ ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಪಡೆಯುವ ಆಯ, ಅದೂ ಕೊಡುವವರ ಮನಸ್ಸಿನಂತೆ. ಇಡೀ ಊರಿನ ಗದ್ದೆಗೆ ನೀರು ಹಂಚಿದವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲ. ಈ ಒಂದು ವಾಕ್ಯವನ್ನು ಪಾಠದಲ್ಲಿ ಹೇಳುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತಿತ್ತು. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ವಂಶಪಾರಂಪರ್ಯದ ಹುದ್ದೆಗಳೆಲ್ಲ ಹೋದವು. ಹೋಗಲೇಬೇಕಿತ್ತು. ನೀರುಗಂಟಿಯ ಮಗ ಶಾಲೆಗೆ ಹೋದ, ಬೆಂಗಳೂರಿಗೆ ಹೋದ. ನನ್ನ ವಿದ್ಯಾರ್ಥಿಗಳಲ್ಲಿ ಅಂಥ ಮನೆಗಳಿಂದ ಬಂದವರು ಇದ್ದಾರೆ, ಅವರ ಬಗ್ಗೆ ನನಗೆ ಹೆಮ್ಮೆ.

ಆದರೆ ತೂಬು ಅಲ್ಲೇ ಉಳಿಯಿತು, ಏರಿಯೂ ಉಳಿಯಿತು. ಅವನು ಬಿಟ್ಟ ಗಳವನ್ನು ಯಾರು ಹಿಡಿಯಬೇಕಿತ್ತು? ನೀರು ಪಡೆದ ಎಲ್ಲರೂ ಸರದಿ ಪ್ರಕಾರ ಹಿಡಿಯಬೇಕಿತ್ತು. ಗೌಡರ ಮಗ ಒಂದು ವಾರ, ಶಾನುಭೋಗರ ಮಗ ಒಂದು ವಾರ, ಎಲ್ಲ ಕೇರಿಯವರೂ ಒಂದೊಂದು ವಾರ. ಹಾಗೆ ಆಗಲಿಲ್ಲ. ಕೆರೆ ಇಲಾಖೆಯದು ಎಂದುಕೊಂಡೆವು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಕಡಿಮೆ ಇದ್ದರೆ ಪಂಚಾಯಿತಿ ಎಂದು ಕಡತದಲ್ಲಿ ಗೆರೆ ಎಳೆದಾಯಿತು. ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಏರಿಯ ಮೇಲೆ ರಾತ್ರಿ ನಡೆಯುವ ಕೆಲಸವನ್ನು ಯಾವ ಇಲಾಖೆ ಮಾಡೀತು? ಅಷ್ಟರಲ್ಲಿ ಕೊಳವೆಬಾವಿ ಬಂತು, ಪ್ರತಿಯೊಬ್ಬರಿಗೂ ತಮ್ಮದೇ ತೂಬು ಸಿಕ್ಕಿತು, ಊರ ತೂಬಿನ ಗೊಡವೆ ಯಾರಿಗೂ ಬೇಡವಾಯಿತು. ಕೆರೆಗೆ ನೀರು ತರುವ ರಾಜಕಾಲುವೆಗಳು ಹೊಲವಾದವು, ಸೈಟಾದವು. ಕೊಳವೆಬಾವಿ ಸಾವಿರ ಅಡಿ ದಾಟಿತು, ನೀರಿನ ಜೊತೆ ಫ್ಲೋರೈಡ್ ಬಂತು. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ತರಗತಿಯ ಮುಂದಿನ ಸಾಲಿನಲ್ಲಿ ನೋಡಿದವನು ನಾನು.

ಇದೇ ಸಮಯದಲ್ಲಿ ನಾವು ಗಿಡವನ್ನೂ ನೆಟ್ಟೆವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೋಲಾರ ಜಿಲ್ಲೆಯ ಗೋಮಾಳ, ರಾಗಿಹೊಲಗಳಲ್ಲಿ ನೀಲಗಿರಿ ತುಂಬಿತು. ನೀಲಗಿರಿಗೆ ಕಾವಲು ಬೇಡ, ನೀರು ಹಾಕುವುದು ಬೇಡ, ದನವೂ ಮೇಯುವುದಿಲ್ಲ. ನೋಡಿಕೊಳ್ಳುವ ಕೆಲಸವೇ ಇಲ್ಲ ಎಂಬುದೇ ಅದರ ಆಕರ್ಷಣೆಯಾಗಿತ್ತು. ಅದರ ಬೇರು ಆಳದ ತೇವವನ್ನು ಹೀರಿತು, ಅದರ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯಲಿಲ್ಲ. 2017ರಲ್ಲಿ ಸರ್ಕಾರ ರಾಜ್ಯದಲ್ಲಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಗಿಡ ನೆಡುವುದೆಲ್ಲ ಪರಿಸರ ರಕ್ಷಣೆ ಎಂದು ನಂಬಿದವರು ನಮ್ಮ ಜಿಲ್ಲೆಯನ್ನು ಒಮ್ಮೆ ಸುತ್ತಿ ನೋಡಬೇಕು.

ಗಿಡ ಎಂದ ಕೂಡಲೇ ಸಾಲುಮರದ ತಿಮ್ಮಕ್ಕನವರ ನೆನಪಾಗುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನವರೆಗೆ ರಸ್ತೆಯ ಬದಿಯಲ್ಲಿ ಅವರು ಮತ್ತು ಗಂಡ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು 385 ಎಂದು ಎಲ್ಲರಿಗೂ ಬಾಯಿಪಾಠ. 2019ರಲ್ಲಿ ಪದ್ಮಶ್ರೀ ಬಂದದ್ದೂ ಗೊತ್ತು. ನನಗೆ ಮಾತ್ರ ಅವರ ಬದುಕಿನಲ್ಲಿ ನೆಟ್ಟದ್ದು ಸಣ್ಣ ಭಾಗ ಅನ್ನಿಸುತ್ತದೆ. ಕೂಲಿ ಮುಗಿಸಿ ಬಂದ ಗಂಡಹೆಂಡಿರು ಬಿಂದಿಗೆಯಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದದ್ದು, ದನ ಬಾಯಿ ಹಾಕದ ಹಾಗೆ ಪ್ರತಿ ಸಸಿಗೂ ಮುಳ್ಳುಬೇಲಿ ಕಟ್ಟಿದ್ದು, ಮಳೆಗಾಲ ಹತ್ತಿರ ಬರುವ ಹೊತ್ತಿಗೇ ನೆಟ್ಟು ಬೇರೂರುವ ತನಕ ಬಿಡದೆ ಕಾದದ್ದು, ಅದು ದೊಡ್ಡ ಭಾಗ. 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಯಲ್ಲಿ ಆ ಮರಗಳಿಗೇ ಕುತ್ತು ಬಂದಾಗ ಆ ಮುದುಕಿ ಮುಖ್ಯಮಂತ್ರಿಗಳನ್ನು ಕಂಡು ಉಳಿಸಿಕೊಡಿ ಎಂದು ಕೇಳಿಕೊಂಡರು. ನೆಟ್ಟು ದಶಕಗಳೇ ಕಳೆದಿದ್ದರೂ ನೋಡಿಕೊಳ್ಳುವ ಕೆಲಸ ಅವರಿಗೆ ಮುಗಿದಿರಲಿಲ್ಲ. ಪ್ರತಿ ವರ್ಷ ಜೂನ್ 5ರಂದು ಫೋಟೊ ತೆಗೆಸಿಕೊಂಡು ಸಸಿ ನೆಡುವ ನಮ್ಮ ಸಂಸ್ಥೆಗಳು ಜೂನ್ 6ರ ನೀರಿಗೆ ಯಾರ ಹೆಸರನ್ನು ಬರೆದಿಡುತ್ತವೆ? ಹೆಸರಿಲ್ಲದಿದ್ದರೆ ಆ ಸಸಿಯನ್ನು ನೆಡಬಾರದು ಎಂಬುದು ನನ್ನ ಗಟ್ಟಿ ನಿಲುವು. ನರ್ಸರಿಯಲ್ಲಾದರೂ ಅದು ಬದುಕಿರುತ್ತದೆ.

ಈಗ ಮನೆಯೊಳಗೆ ಬರೋಣ. ಆತ್ಮಸುಧಾರಣೆ ಎಂದರೆ ಇವತ್ತು ಬೆಳಗಿನ ಜಾವ ಏಳುವುದು, ಗುರಿ ಬರೆದುಕೊಳ್ಳುವುದು, ಒಳ್ಳೆಯ ಪುಸ್ತಕ ಓದುವುದು ಎಂದು ಹೇಳುವ ಪುಸ್ತಕಗಳು ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತವೆ. ಅವುಗಳಲ್ಲಿ ತಪ್ಪೇನಿಲ್ಲ. ಆದರೆ ಆ ಪುಸ್ತಕಗಳ ಪ್ರಕಾರ ಬೆಳಗಿನ ಜಾವ ಎದ್ದ ಗಂಡಸಿಗೆ ಕಾಫಿ ಮಾಡಿಕೊಟ್ಟವರು ಯಾರು, ಅವನು ಧ್ಯಾನ ಮಾಡುವ ಜಾಗ ಗುಡಿಸಿದವರು ಯಾರು ಎಂದು ಅವು ಕೇಳುವುದಿಲ್ಲ. ನನ್ನ ತಾಯಿ ಓದು ಬರಹ ತಿಳಿಯದವಳು. ಬೆಳಕು ಹರಿಯುವ ಮೊದಲು ಅಂಗಳ ಗುಡಿಸಿ, ಸೆಗಣಿ ನೀರು ಹಾಕಿ, ರಂಗೋಲಿ ಬಿಟ್ಟು, ಗುಡಿಸಿದ್ದನ್ನು ಹಿತ್ತಿಲ ತಿಪ್ಪೆಗೆ ಹಾಕುತ್ತಿದ್ದಳು. ಮನೆಯ ಕಸ ಮನೆಯ ಬೇಲಿ ದಾಟುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ತಿಪ್ಪೆ ಗೊಬ್ಬರವಾಗಿ ರಾಗಿಹೊಲಕ್ಕೆ ಹೋಗುತ್ತಿತ್ತು. ಇಡೀ ಮನೆಯಲ್ಲಿ ಆ ಕೆಲಸದ ಲೆಕ್ಕ ಇಟ್ಟವರು ಯಾರೂ ಇಲ್ಲ. ಊರಿನಲ್ಲಿ ಆರೈಕೆಯ ಭಾರವನ್ನು ಒಂದು ಕೇರಿಯ ಮೇಲೆ ಹಾಕಿದ ನಾವು, ಮನೆಯಲ್ಲಿ ಅದನ್ನು ಹೆಂಗಸರ ಮೇಲೆ ಹಾಕಿದೆವು. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದಳು ಎಂದು ಪರಂಪರೆ ಹೇಳುತ್ತದೆ. ಕಸಬರಿಗೆಯನ್ನು ವಚನದ ಪಕ್ಕದಲ್ಲಿ ಇಡುವ ಧೈರ್ಯ ಆ ಕಾಲದಲ್ಲಿ ಇತ್ತು. ಆಮೇಲೆ ವಚನವನ್ನು ಇಟ್ಟುಕೊಂಡೆವು, ಕಸಬರಿಗೆಯನ್ನು ಬೇರೆಯವರ ಕೈಗೆ ಕೊಟ್ಟೆವು.

ಹಾಗಾಗಿ ನನ್ನ ಲೆಕ್ಕದಲ್ಲಿ ಆತ್ಮಸುಧಾರಣೆಯ ಮೊದಲ ಪಾಠ ಇದು: ಇಷ್ಟು ದಿನ ನನ್ನ ಪರವಾಗಿ ಇನ್ಯಾರೋ ಮಾಡುತ್ತಿದ್ದ ಒಂದು ಕೊಳಕು ಕೆಲಸವನ್ನು ಹುಡುಕಿ ನನ್ನ ಹೆಸರಿಗೆ ಬರೆದುಕೊಳ್ಳುವುದು. ಅದು ಒಂದೇ ದಿನದ ಕೆಲಸ ಆಗಬಾರದು, ದಿನಾ ಬರುವ ಕೆಲಸ ಆಗಬೇಕು. ನಿವೃತ್ತಿಯ ಮೇಲೆ ನಾನು ಮನೆಯ ಕಸವನ್ನು ನನ್ನ ಹೆಸರಿಗೆ ಬರೆದುಕೊಂಡೆ.

ಅದರಿಂದ ಕಲಿತದ್ದನ್ನು ಹೇಳುತ್ತೇನೆ. ನಮ್ಮ ಬೀದಿಗೆ ಬೆಳಿಗ್ಗೆ ನಗರಸಭೆಯ ಕಸದ ಆಟೊ ಬರುತ್ತದೆ. ಅದರ ಹಿಂದೆ ನಿಂತ ಹೆಣ್ಣುಮಗಳು ಪ್ರತಿ ಮನೆಯ ಚೀಲವನ್ನೂ ಬಿಚ್ಚಿ, ಅನ್ನ ಸಾರಿನ ಜೊತೆ ಬೆರೆತ ಪ್ಲಾಸ್ಟಿಕ್ಕನ್ನು, ಮಗುವಿನ ಡೈಪರನ್ನು, ಬ್ಲೇಡನ್ನು ಕೈಯಿಂದ ಬೇರೆ ಮಾಡುತ್ತಾಳೆ. ಕೊಟ್ಟ ಗ್ಲೌಸು ಅಂಗೈಯಲ್ಲಿ ಹರಿದಿರುತ್ತದೆ. ಒಂದು ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಏನಾಯಿತಮ್ಮ ಎಂದೆ. “ಒಡೆದ ಬಲ್ಬು ಸಾರ್. ಗಾಜಿದ್ರೆ ಪೇಪರಲ್ಲಿ ಸುತ್ತಿ ಬೇರೆ ಕೊಡಿ ಅಂತ ಎಷ್ಟು ಸಲ ಹೇಳೋದು. ಎಲ್ಲಾ ಮನೇವ್ರೂ ಓದಿದೋರೇ” ಅಂದಳು. ಸಿಟ್ಟಿನಿಂದ ಹೇಳಲಿಲ್ಲ, ದಣಿವಿನಿಂದ ಹೇಳಿದಳು. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಬೇರೆ ಬೇರೆ ಮಾಡಿ ಕೊಡುವುದು ಕಸ ಹುಟ್ಟಿಸಿದವರ ಕರ್ತವ್ಯ ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. ನಾವು ಮನೆಯಲ್ಲಿ ಮಾಡದೆ ಬಿಟ್ಟ ಎರಡು ನಿಮಿಷದ ಕೆಲಸ ಆ ಹೆಣ್ಣುಮಗಳ ಬೆರಳಿಗೆ ಹೋಗುತ್ತದೆ. ಇದನ್ನು ನಾನು ಪರಿಸರದ ಪ್ರಶ್ನೆ ಎನ್ನುವ ಮೊದಲು ಜಾತಿಯ ಪ್ರಶ್ನೆ ಎನ್ನುತ್ತೇನೆ. ಕಸದ ಆಟೊದ ಹಿಂದೆ ನಿಂತವರು ಯಾವ ಕೇರಿಯಿಂದ ಬರುತ್ತಾರೆ ಎಂದು ನಿಮಗೆಲ್ಲ ಗೊತ್ತು.

ಈ ಅನ್ಯಾಯವನ್ನು ಪ್ರಶ್ನಿಸಿದ ಒಂದು ದೊಡ್ಡ ಪರಂಪರೆ ಕರ್ನಾಟಕಕ್ಕೆ ಇದೆ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ನಮ್ಮದೇ ಜಿಲ್ಲೆಯ ಕೆಜಿಎಫ್‌ನಲ್ಲಿ ಅಂಥ ಕೆಲಸ ಮಾಡುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ದೇಶದ ಆತ್ಮಸಾಕ್ಷಿಯನ್ನೇ ಪ್ರಶ್ನಿಸಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರಲ್ಲಿ ಮಲ ಹೊರುವುದನ್ನು ನಿಷೇಧಿಸುವ ಇನ್ನೂ ಗಟ್ಟಿ ಕಾನೂನು ಬಂತು. ಇಷ್ಟೆಲ್ಲ ಆದ ಮೇಲೂ 2023ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಸುದ್ದಿಯನ್ನು ರಾಜ್ಯವೆಲ್ಲ ನೋಡಿತು. ಶಾಲೆಯಲ್ಲಿ ಸ್ವಚ್ಛತೆಯ ಸರದಿ ಇರಲಿ ಎಂದು ವಾದಿಸುವವನು ನಾನು. ಆ ಸರದಿಯಲ್ಲಿ ಎಲ್ಲ ಮಕ್ಕಳ ಹೆಸರೂ ಇರಬೇಕು, ಮೇಷ್ಟ್ರ ಹೆಸರೂ ಇರಬೇಕು, ಮಲಗುಂಡಿಯ ಹತ್ತಿರಕ್ಕೂ ಯಾವ ಮಗುವೂ ಹೋಗಬಾರದು. ಮೇಷ್ಟ್ರ ಹೆಸರಿಲ್ಲದ ಸರದಿ ಶಿಕ್ಷಣವಾಗುವುದಿಲ್ಲ, ಬಿಟ್ಟಿ ಚಾಕರಿಯಾಗುತ್ತದೆ.

ಮನೆಯ ಕಸಕ್ಕೆ ಮರಳುತ್ತೇನೆ, ಏಕೆಂದರೆ ಇದರಲ್ಲಿ ವಿಜ್ಞಾನದ ಪಾಠವೂ ಇದೆ. ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಹಸಿ ಕಸದ್ದೇ. ತರಕಾರಿ ಸಿಪ್ಪೆ, ಕಾಫಿ ಗಸಿ, ಉಳಿದ ಅನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಊರಾಚೆಯ ಕಸದ ಗುಡ್ಡದ ಕೆಳಗೆ ಸೇರಿದರೆ ಅಲ್ಲಿ ಗಾಳಿ ಇರುವುದಿಲ್ಲ. ಗಾಳಿಯಿಲ್ಲದೆ ಕೊಳೆತದ್ದರಿಂದ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿದಿಡುವ ಅನಿಲ ಅದು. ಕಸದ ಗುಡ್ಡಗಳು ಬೇಸಿಗೆಯಲ್ಲಿ ಹೊತ್ತಿ ಉರಿಯುವುದಕ್ಕೂ ಅದೇ ಒಂದು ಕಾರಣ. ಅದೇ ಸಿಪ್ಪೆ ಹಿತ್ತಿಲಿನಲ್ಲಿ ಗಾಳಿಯಾಡುವಂತೆ ಕೊಳೆತರೆ ಮೀಥೇನ್ ಹುಟ್ಟುವುದು ತೀರಾ ಕಡಿಮೆ. ನಾನು ಬಳಸುವುದು ಬದಿಯಲ್ಲಿ ತೂತು ಕೊರೆಸಿದ ಎರಡು ಹಳೆಯ ಡ್ರಮ್ಮು. ಒಂದು ಪದರ ಸಿಪ್ಪೆ, ಅದರ ಮೇಲೆ ಒಂದು ಪದರ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ, ಆಗಾಗ ಸ್ವಲ್ಪ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೋಲಿನಿಂದ ತಿರುವಬೇಕು. ಸರಿಯಾಗಿ ನಡೆಯುತ್ತಿದ್ದರೆ ಕೈ ಇಟ್ಟಾಗ ಒಳಗೆ ಬೆಚ್ಚಗಿರುತ್ತದೆ. ನಾತ ಬಂದರೆ ನೀರಂಶ ಹೆಚ್ಚಾಗಿದೆ, ಎಲೆ ಸುರಿಯಬೇಕು ಎಂದರ್ಥ. ಬಿಳಿ ಬೂಷ್ಟು ಕಂಡರೆ ಹೆದರಬೇಕಿಲ್ಲ, ಅದು ಕೆಲಸ ಮಾಡುವ ಶಿಲೀಂಧ್ರ. ಒಂದೂವರೆ ಎರಡು ತಿಂಗಳಿಗೆ ಮಳೆ ಬಿದ್ದ ಹೊಲದ ವಾಸನೆ ಬರುವ ಕಪ್ಪು ಗೊಬ್ಬರ. ಹಾಲಿನ ಪ್ಯಾಕೆಟ್ಟನ್ನು ಮೂಲೆ ಪೂರ್ತಿ ತುಂಡಾಗದ ಹಾಗೆ ಕತ್ತರಿಸಿ, ತೊಳೆದು, ತಂತಿಗೆ ಸಿಕ್ಕಿಸಿ ಒಣಗಿಸುತ್ತೇನೆ. ಆ ಪುಟ್ಟ ಮೂಲೆ ಚೂರಾಗಿ ಬಿದ್ದರೆ ಯಾವ ಕಸ ವಿಂಗಡಿಸುವವರ ಕೈಗೂ ಸಿಗುವುದಿಲ್ಲ, ಚರಂಡಿ ಸೇರಿ ಕೆರೆಗೆ ಹೋಗುತ್ತದೆ.

ಕೆರೆಗೆ ಹೋಗುತ್ತದೆ ಎಂದೆ. ಕೋಲಾರದವರಿಗೆ ಈ ಮಾತು ಬೇರೆ ಊರಿನವರಿಗಿಂತ ಚೆನ್ನಾಗಿ ಅರ್ಥವಾಗಬೇಕು. 2018ರಿಂದ ನಮ್ಮ ಕೆರೆಗಳಿಗೆ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಶುದ್ಧೀಕರಣಗೊಂಡು ಬರುತ್ತಿದೆ. ಕೆ.ಸಿ. ವ್ಯಾಲಿ ಯೋಜನೆ ಎಂದು ಮಕ್ಕಳಿಗೂ ಗೊತ್ತು. ದಿನಕ್ಕೆ 44 ಕೋಟಿ ಲೀಟರ್ ಎಂದು ಯೋಜನೆಯ ಲೆಕ್ಕ. ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಕೋಡಿ ಹರಿದು ನರಸಾಪುರ ದಾಟಿ ಮುಂದೆ ಹೋಯಿತು. ಬತ್ತಿದ್ದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡ ರೈತರ ಸಂತೋಷವನ್ನು ನಾನು ಕಂಡಿದ್ದೇನೆ, ಅದನ್ನು ಹಗುರ ಮಾಡುವುದಿಲ್ಲ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕು ಎಂದು ಕೇಳುತ್ತಿರುವ ಜಿಲ್ಲೆಯ ಹೋರಾಟಗಾರರ ಮಾತು ಸರಿಯಾದದ್ದೇ. ಎರಡು ಹಂತದಲ್ಲಿ ಕೊಳೆ ಹೋಗುತ್ತದೆ. ಮಾರ್ಜಕದ ಫಾಸ್ಫೇಟು, ನೈಟ್ರೇಟು, ಔಷಧಿಯ ಅಂಶಗಳು ಪೂರ್ತಿ ಹೋಗುವುದಿಲ್ಲ. ಬೆಳ್ಳಂದೂರು ಕೆರೆಯಿಂದ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು, 2017 ಮತ್ತು 2018ರಲ್ಲಿ ಅದೇ ಕೆರೆಗೆ ಬೆಂಕಿ ಬಿದ್ದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಬೆಂಗಳೂರಿನ ಒಂದು ಫ್ಲ್ಯಾಟಿನಲ್ಲಿ ಬಟ್ಟೆಯ ಮಷೀನಿಗೆ ಎರಡು ಚಮಚ ಹೆಚ್ಚು ಸೋಪಿನ ಪುಡಿ ಹಾಕಿದ ಮಗನಿಗೂ, ಕೋಲಾರದ ಹಳ್ಳಿಯಲ್ಲಿ ಟೊಮೆಟೊ ಬೆಳೆಯುವ ಅವನ ಅಪ್ಪನಿಗೂ ಈಗ ಒಂದೇ ನೀರು. ಆ ಮಗ ಕುಡಿಯುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಮೇಲಿಂದ ಮೇಲೆ ಪಂಪು ಹಾಕಿ ಎತ್ತಿ ತಂದದ್ದು. ಮಂಡ್ಯದವರ ಹೊಳೆ ಬೆಂಗಳೂರಿನ ನಲ್ಲಿಯಾಗಿ, ಬೆಂಗಳೂರಿನ ಬಚ್ಚಲು ಕೋಲಾರದ ಕೆರೆಯಾಗಿ ಬರುವ ಕಾಲದಲ್ಲಿ ‘ನನ್ನ ಮನೆಯ ವಿಷಯ’ ಎಂದು ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಉಳಿದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳೇ ಕೇಳುತ್ತಾರೆ: ಕಾರ್ಖಾನೆಗಳು, ದೊಡ್ಡ ಕಂಪನಿಗಳು, ಸರ್ಕಾರ ಮಾಡುವ ಹಾನಿಯ ಮುಂದೆ ನಿಮ್ಮ ಹಾಲಿನ ಪ್ಯಾಕೆಟ್ಟು ಯಾವ ಲೆಕ್ಕ ಸಾರ್? ಪ್ರಶ್ನೆ ನ್ಯಾಯವಾದದ್ದು. ಶಾಂಪೂ ಸ್ಯಾಶೆಯನ್ನು ಕೋಟಿಗಟ್ಟಲೆ ಹುಟ್ಟಿಸಿದವರು ನಾವಲ್ಲ. ಪ್ಯಾಕಿಂಗಿನ ಪ್ಲಾಸ್ಟಿಕ್ಕನ್ನು ವಾಪಸ್ ಸಂಗ್ರಹಿಸುವ ಹೊಣೆ ಉತ್ಪಾದಕರದು ಎಂದು ನಿಯಮವಿದೆ. 2022ರ ಜುಲೈ 1ರಿಂದ ದೇಶದಲ್ಲಿ ಕೆಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವೂ ಇದೆ. ನಿಯಮ ಜಾರಿಯಾಗುತ್ತಿಲ್ಲ ಎಂಬುದು ಸರ್ಕಾರದ ವೈಫಲ್ಯವೇ, ಅದನ್ನು ನಮ್ಮ ಮನೆಯ ಡ್ರಮ್ಮು ತುಂಬಿಕೊಡುವುದಿಲ್ಲ. ಆದರೆ ನನ್ನ ಅನುಭವ ಇನ್ನೊಂದನ್ನೂ ಹೇಳುತ್ತದೆ. ಒಣ ಕಸವನ್ನು ಬೇರೆ ಮಾಡಿ ಕೊಡುವವನಿಗೆ ಮಾತ್ರ ಅದು ಮುಂದೆ ಎಲ್ಲಿಗೆ ಹೋಯಿತು ಎಂಬ ಕುತೂಹಲ ಹುಟ್ಟುತ್ತದೆ. ನಾನು ಆ ಆಟೊದ ಹಿಂದೆ ಹೋಗಿ ನೋಡಿದೆ, ಬೇರೆ ಮಾಡಿ ಕೊಟ್ಟದ್ದೂ ಕೊನೆಗೆ ಒಂದೇ ರಾಶಿಯಾಗುತ್ತಿತ್ತು. ನಾವು ಕೆಲವು ನೆರೆಹೊರೆಯವರು ಸೇರಿ ಕಚೇರಿಗೆ ಅರ್ಜಿ ಕೊಟ್ಟೆವು, ಮತ್ತೆ ಮತ್ತೆ ಹೋದೆವು. ಈಗ ಆಟೊದಲ್ಲಿ ಎರಡು ಭಾಗಗಳಿವೆ. ಕಸ ಬೆರೆಸಿ ಕೊಡುವವನು ಈ ಪ್ರಶ್ನೆ ಕೇಳಲಾರ, ಕೇಳಿದರೂ ಅಧಿಕಾರಿ ಉತ್ತರ ಕೊಡಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ಸಂಕೀರ್ಣ’ ಎಂಬ ಒಣ ಕಸದ ಘಟಕಗಳು ಬಂದಿವೆ, ಹಲವು ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ವಾಹನ ಓಡಿಸಿ ಕಸ ಸಂಗ್ರಹಿಸುತ್ತಾರೆ. ಅವರಿಗೆ ವೇತನ ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ, ಮನೆಗಳಿಂದ ಸಂಗ್ರಹಿಸುವ ಶುಲ್ಕವನ್ನು ಎಲ್ಲರೂ ಕೊಡುತ್ತಿದ್ದಾರೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದೂ ಭೂಮಿಯ ಕಾಳಜಿಯೇ. ನನ್ನ ಮಟ್ಟಿಗೆ ಅದು ಘೋಷಣೆಯ ಜಾಥಾಗಿಂತ ಮೇಲು.

ನೋಡಿಕೊಳ್ಳುವ ಕೆಲಸಕ್ಕೆ ಗೌರವ ಕೊಡದ ಸಮಾಜ ಕೆರೆಯನ್ನೂ ಉಳಿಸಿಕೊಳ್ಳಲಾರದು, ಕಾಡನ್ನೂ ಉಳಿಸಿಕೊಳ್ಳಲಾರದು. ಗೌರವ ಎಂದರೆ ಸನ್ಮಾನದ ಶಾಲು ಹೊದಿಸುವುದಷ್ಟೇ ಸಾಲದು. ಪೌರಕಾರ್ಮಿಕರಿಗೆ ಕಾಯಂ ನೌಕರಿ, ಸರಿಯಾದ ಗ್ಲೌಸು, ಕುಡಿಯುವ ನೀರು, ಶೌಚಾಲಯ ಸಿಗಬೇಕು. ಕೆರೆಗೆ ನೀರುಗಂಟಿ ಮತ್ತೆ ಬೇಕು, ಆದರೆ ಯಾವ ಜಾತಿಯವನಾದರೂ ಸರಿ, ಪಂಚಾಯಿತಿಯಿಂದ ಸಂಬಳ ಪಡೆಯುವ ನೌಕರನಾಗಿ ಬೇಕು. ಅವನ ಜೊತೆಗೆ ಸರದಿಯಲ್ಲಿ ಏರಿ ನೋಡಲು ಊರವರು ಬರಬೇಕು. ಇದಕ್ಕೆ ಹಣವಿಲ್ಲ ಎನ್ನುವವರಿಗೆ ನನ್ನ ಉತ್ತರ, ಹೂಳೆತ್ತುವ ಗುತ್ತಿಗೆಗೆ ಹಣ ಎಲ್ಲಿಂದ ಬರುತ್ತದೋ ಅಲ್ಲಿಂದಲೇ ಬರಲಿ. ಪ್ರತಿ ವರ್ಷ ನೋಡಿಕೊಂಡ ಕೆರೆಗೆ ಆ ದೊಡ್ಡ ಗುತ್ತಿಗೆಯೇ ಬೇಕಾಗುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಬಹಳ ಜನ ಹಳ್ಳಿಗಳಿಂದ ಬರುತ್ತೀರಿ. ಈ ಭಾನುವಾರ ಊರಿಗೆ ಹೋದಾಗ ನಿಮ್ಮೂರ ಕೆರೆಯ ತೂಬು ಎಲ್ಲಿದೆ ಎಂದು ಹುಡುಕಿ. ಜಾಲಿ ಬೆಳೆದು ಮುಚ್ಚಿಹೋಗಿರಬಹುದು, ಕಲ್ಲುಕಂಬವೊಂದು ಕಾಣಿಸೀತು. ಅದನ್ನು ಕೊನೆಯದಾಗಿ ನೋಡಿಕೊಂಡವರು ಯಾರು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಹೆಸರು ಬರೆದುಕೊಳ್ಳಿ. ಆಮೇಲೆ ಮುಂದಿನ ಗ್ರಾಮಸಭೆ ಯಾವತ್ತು ಎಂದು ಪಂಚಾಯಿತಿಯಲ್ಲಿ ಕೇಳಿ, ಅಲ್ಲಿಗೆ ಹೋಗಿ, ಈಗ ನೋಡಿಕೊಳ್ಳುತ್ತಿರುವವರು ಯಾರು ಎಂದು ಎದ್ದು ನಿಂತು ಕೇಳಿ. ಹೆಸರು ಹೇಳದಿದ್ದರೆ ಹೇಳುವ ತನಕ ಕುಳಿತುಕೊಳ್ಳಬೇಡಿ.